ನಾರಿನ ಜೀರ್ಣಕ್ರಿಯೆಯಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಸಹಕಾರ

ಧಾನ್ಯ, ಕಾಳು, ಸೊಪ್ಪು, ತರಕಾರಿ, ಗೆಡ್ಡೆ, ಹಣ್ಣುಗಳ ಮೂಲಕ ಹೊಟ್ಟೆ ಸೇರುವ ನಾರನ್ನು ಮನುಷ್ಯನ ಸ್ವಂತ ಕಿಣ್ವಗಳು ಅರಗಿಸಲಾರವು. ಅದು ಸಣ್ಣ ಕರುಳನ್ನು ಹೆಚ್ಚು ಕಡಿಮೆ ಇದ್ದ ಹಾಗೆಯೇ ದಾಟಿ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ನಾರನ್ನು ಒಡೆದು, ಹುದುಗಿಸಿ, ದೇಹಕ್ಕೆ ಬೇಕಾದ ಆಮ್ಲಗಳನ್ನಾಗಿ ಮಾಡುತ್ತವೆ. ಯಾವ ಬ್ಯಾಕ್ಟೀರಿಯಾವೂ ಈ ಕೆಲಸವನ್ನು ಒಂಟಿಯಾಗಿ ಪೂರೈಸುವುದಿಲ್ಲ. ಒಂದು ಬಿಡಿಸಿದ್ದನ್ನು ಇನ್ನೊಂದು ತಿನ್ನುತ್ತದೆ, ಅದು ಹೊರಬಿಟ್ಟಿದ್ದನ್ನು ಮತ್ತೊಂದು ಬಳಸುತ್ತದೆ. ಹತ್ತಾರು ಜಾತಿಗಳ ಈ ಸರಪಳಿಯಿಂದಲೇ ನಾರು ಪೋಷಣೆಯಾಗುತ್ತದೆ.

ರಾಗಿ, ಅವರೆ, ಹುರಳಿ, ಸೊಪ್ಪಿನ ಸಾರುಗಳ ಊಟಕ್ಕೆ ಹೆಸರಾದ ಹಳೆಯ ಮೈಸೂರು ಸೀಮೆ ಈ ವಿಷಯವನ್ನು ಅರಿಯಲು ಒಳ್ಳೆಯ ನೆಲೆ. ಹುಣಸೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಗಾವಡಗೆರೆ, ಅದರ ಸುತ್ತಲ ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಊಟದಲ್ಲಿ ಬಗೆಬಗೆಯ ನಾರುಗಳು ಒಂದೇ ತಟ್ಟೆಯಲ್ಲಿ ಸೇರುತ್ತವೆ. ರಾಗಿಯ ನಾರು ಮತ್ತು ಪಿಷ್ಟಗಳ ಬಗ್ಗೆ ಮುಖ್ಯವಾದ ಸಂಶೋಧನೆಗಳು ಇದೇ ಜಿಲ್ಲೆಯ ಮೈಸೂರಿನಲ್ಲಿ ನಡೆದಿವೆ.

ನಾರಿನ ಸ್ವರೂಪ

ನಾರು ಒಂದೇ ವಸ್ತುವಲ್ಲ. ಸಸ್ಯಕೋಶದ ಗೋಡೆಯಲ್ಲಿರುವ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಪೆಕ್ಟಿನ್, ಈರುಳ್ಳಿ ಬೆಳ್ಳುಳ್ಳಿಗಳಲ್ಲಿರುವ ಫ್ರಕ್ಟಾನ್, ಕಾಳುಗಳಲ್ಲಿರುವ ರ‍್ಯಾಫಿನೋಸ್ ಗುಂಪಿನ ಸಕ್ಕರೆಗಳು ಇವೆಲ್ಲ ನಾರಿನ ಬಗೆಗಳಾಗಿವೆ ಅಥವಾ ನಾರಿನಂತೆಯೇ ವರ್ತಿಸುತ್ತವೆ. ಪಿಷ್ಟದ ಒಂದು ಪಾಲು ಸಣ್ಣ ಕರುಳಿನಲ್ಲಿ ಅರಗದೆ ಉಳಿಯುತ್ತದೆ. ಅದನ್ನು ನಿರೋಧಕ ಪಿಷ್ಟ ಎನ್ನುತ್ತಾರೆ, ಅದೂ ಈ ಗುಂಪಿಗೇ ಸೇರುತ್ತದೆ.

ಇವೆಲ್ಲವೂ ಸಕ್ಕರೆಯ ಅಣುಗಳಿಂದಲೇ ಆದ ಸರಗಳು. ಆದರೆ ಕೊಂಡಿಗಳು ಬೇರೆ ಬೇರೆ. ಪ್ರತಿ ಬಗೆಯ ಕೊಂಡಿಯನ್ನು ಕತ್ತರಿಸಲು ಅದಕ್ಕೇ ತಕ್ಕ ಕಿಣ್ವ ಬೇಕು. ಆಹಾರದ ಶರ್ಕರಪಿಷ್ಟಗಳನ್ನು ಅರಗಿಸಲು ಮನುಷ್ಯನ ವಂಶವಾಹಿಗಳಲ್ಲಿ ಇರುವ ಕಿಣ್ವಗಳ ಸಂಖ್ಯೆ ಇಪ್ಪತ್ತರೊಳಗೆ. ಕರುಳಿನ ಒಂದೇ ಒಂದು ಬ್ಯಾಕ್ಟೀರಿಯಾವಾದ ಬ್ಯಾಕ್ಟೀರಾಯ್ಡಿಸ್ ಥೀಟಾಅಯೋಟಾಮೈಕ್ರಾನ್‌ನಲ್ಲಿ ಇಂತಹ ಕಿಣ್ವಗಳು ಇನ್ನೂರಕ್ಕೂ ಹೆಚ್ಚಿವೆ. ನಾರಿನ ಮಟ್ಟಿಗೆ ಮನುಷ್ಯ ತನ್ನ ಜೀರ್ಣಶಕ್ತಿಯ ಬಹುಪಾಲನ್ನು ಬ್ಯಾಕ್ಟೀರಿಯಾಗಳಿಗೆ ಒಪ್ಪಿಸಿಬಿಟ್ಟಿದ್ದಾನೆ.

ಅಧ್ಯಯನದ ಇತಿಹಾಸ

ಈ ಸಹಕಾರ ಮೊದಲು ಕಂಡದ್ದು ದನದ ಹೊಟ್ಟೆಯಲ್ಲಿ. ಅಮೆರಿಕದ ರಾಬರ್ಟ್ ಹಂಗೇಟ್ ಗಾಳಿಯ ಸೋಂಕಿಲ್ಲದೆ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ವಿಧಾನವನ್ನು ರೂಪಿಸಿ, ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿದರು. ಅವರ ಹೆಸರಾಂತ ಗ್ರಂಥ 1966ರಲ್ಲಿ ಹೊರಬಂತು. ಮಾರ್ವಿನ್ ಬ್ರಯಂಟ್, ಮೇಯರ್ ವೋಲಿನ್ ಮತ್ತು ಸಂಗಡಿಗರು ಒಂದು ಬ್ಯಾಕ್ಟೀರಿಯಾ ಬಿಟ್ಟ ಹೈಡ್ರೋಜನ್ನನ್ನು ಇನ್ನೊಂದು ಹೀರಿಕೊಂಡರೆ ಮೊದಲನೆಯದರ ಕೆಲಸವೇ ಬದಲಾಗುತ್ತದೆ ಎಂದು 1973ರಲ್ಲಿ ತೋರಿಸಿದರು. ಕರುಳಿನ ಸಹಕಾರದ ತಿಳಿವಳಿಕೆಗೆ ಇದು ಅಡಿಪಾಯವಾಯಿತು.

ಆಹಾರದ ನಾರು ಎಂಬ ಪರಿಕಲ್ಪನೆಯನ್ನು 1953ರಲ್ಲಿ ಹಿಪ್ಸ್ಲಿ ಬಳಕೆಗೆ ತಂದರು. ಆಫ್ರಿಕದಲ್ಲಿ ಕೆಲಸ ಮಾಡಿದ್ದ ವೈದ್ಯರಾದ ಡೆನಿಸ್ ಬರ್ಕಿಟ್ ಮತ್ತು ಹ್ಯೂ ಟ್ರೋವೆಲ್ 1970ರ ದಶಕದಲ್ಲಿ ನಾರಿನ ಕೊರತೆಗೂ ಪಾಶ್ಚಾತ್ಯ ದೇಶಗಳ ಕಾಯಿಲೆಗಳಿಗೂ ನಂಟಿದೆ ಎಂದು ವಾದಿಸಿದರು. ಅಬಿಗೇಲ್ ಸ್ಯಾಲಿಯರ್ಸ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬ್ಯಾಕ್ಟೀರಾಯ್ಡಿಸ್ ಪಿಷ್ಟವನ್ನು ಹಿಡಿದು ಒಡೆಯುವ ಬಗೆಯನ್ನು ಬಿಡಿಸಿ ತೋರಿಸಿದರು. ಬ್ಯಾಕ್ಟೀರಾಯ್ಡಿಸ್ ಥೀಟಾಅಯೋಟಾಮೈಕ್ರಾನ್‌ನ ಪೂರ್ಣ ವಂಶವಾಹಿ ನಕ್ಷೆ 2003ರಲ್ಲಿ ಪ್ರಕಟವಾಯಿತು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿರುವ ರೋವೆಟ್ ಸಂಸ್ಥೆಯ ಹ್ಯಾರಿ ಫ್ಲಿಂಟ್ ಮತ್ತು ಸಂಗಡಿಗರು ಮನುಷ್ಯನ ಕರುಳಿನಲ್ಲಿ ಯಾವುದು ಯಾವುದಕ್ಕೆ ಉಣಿಸುತ್ತದೆ ಎಂಬುದನ್ನು ಒಂದೊಂದಾಗಿ ಗುರುತಿಸಿದರು.

ದೊಡ್ಡ ಕರುಳು

ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂಬುದು 2016ರ ಅಂದಾಜು. ತೂಕದಲ್ಲಿ ಅವೆಲ್ಲ ಸೇರಿ ಕಾಲು ಕಿಲೋ ಒಳಗೆ. ಬಹುಪಾಲು ದೊಡ್ಡ ಕರುಳಿನಲ್ಲಿಯೇ ಇವೆ. ಅಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ನಾರು ಅಲ್ಲಿ ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುವುದಿಲ್ಲ, ಹುದುಗುತ್ತದೆ. ಹುದುಗುವಿಕೆಯಲ್ಲಿ ಒಂದು ಜೀವಕ್ಕೆ ಸಿಗುವ ಶಕ್ತಿ ಕಡಿಮೆ, ಉಳಿಯುವ ಪದಾರ್ಥ ಹೆಚ್ಚು. ಆ ಉಳಿಕೆಯೇ ಇನ್ನೊಂದರ ಆಹಾರ. ಸಹಕಾರದ ಮೂಲ ಇಲ್ಲಿದೆ.

ದೊಡ್ಡ ಕರುಳಿನ ಮೊದಲ ಭಾಗಕ್ಕೆ ಹೊಸ ನಾರು ಬಂದು ಬೀಳುತ್ತದೆ. ಹುದುಗುವಿಕೆ ಅಲ್ಲಿ ಬಿರುಸಾಗಿರುತ್ತದೆ, ಆಮ್ಲೀಯತೆಯೂ ಹೆಚ್ಚು. ಮುಂದೆ ಹೋದಂತೆ ನಾರು ಮುಗಿಯುತ್ತಾ ಬರುತ್ತದೆ. ನಾರು ತೀರಿದ ಮೇಲೆ ಬ್ಯಾಕ್ಟೀರಿಯಾಗಳು ಪ್ರೋಟೀನಿನತ್ತ ತಿರುಗುತ್ತವೆ. ಆಗ ಅಮೋನಿಯ, ಫೀನಾಲ್, ಗಂಧಕದ ಸಂಯುಕ್ತಗಳಂತಹ ಅಷ್ಟೇನೂ ಹಿತವಲ್ಲದ ಪದಾರ್ಥಗಳು ಹೆಚ್ಚುತ್ತವೆ. ಬೇಗ ಹುದುಗುವ ನಾರಿನ ಜೊತೆಗೆ ನಿಧಾನವಾಗಿ ಹುದುಗುವ ನಾರೂ ಊಟದಲ್ಲಿ ಇದ್ದರೆ ಕರುಳಿನ ಕೊನೆಯವರೆಗೂ ಆಹಾರ ತಲುಪುತ್ತದೆ.

ಕೆಲಸದ ಹಂಚಿಕೆ

ರಾಗಿ ಕಣದಲ್ಲಿ ಗುಂಡು ಎಳೆಯುವವರು, ಹುಲ್ಲು ಕೊಡಹುವವರು, ತೂರುವವರು, ಅಳೆಯುವವರು ಬೇರೆ ಬೇರೆಯಾಗಿದ್ದು, ಒಬ್ಬರ ಕೆಲಸ ಮುಗಿಯದೆ ಇನ್ನೊಬ್ಬರದು ಶುರುವಾಗದು. ನಾರಿನ ವಿಘಟನೆಯೂ ಹೀಗೆಯೇ ಹಂತಹಂತವಾಗಿ ಸಾಗುತ್ತದೆ. ಮುಖ್ಯ ಹಂತಗಳು ನಾಲ್ಕು.

1. ಮೊದಲು ಒಡೆಯುವವು. ಗಟ್ಟಿಯಾದ, ನೀರಿನಲ್ಲಿ ಕರಗದ ನಾರಿನ ಚೂರಿಗೆ ಅಂಟಿಕೊಂಡು ಅದನ್ನು ಒಡೆಯಬಲ್ಲ ಜಾತಿಗಳು ಕೆಲವೇ. ರುಮಿನೋಕಾಕಸ್ ಬ್ರೋಮಿ ನಿರೋಧಕ ಪಿಷ್ಟವನ್ನು ಒಡೆಯುವುದರಲ್ಲಿ ಎಲ್ಲಕ್ಕಿಂತ ಮುಂದು. ರೋವೆಟ್ ಸಂಸ್ಥೆಯ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಿರೋಧಕ ಪಿಷ್ಟವನ್ನು ಸರಿಯಾಗಿ ಬಳಸಲಾಗದವರ ಮಲದ ಮಾದರಿಗೆ ಈ ಬ್ಯಾಕ್ಟೀರಿಯಾವನ್ನು ಸೇರಿಸಿದಾಗ ಪಿಷ್ಟದ ಹುದುಗುವಿಕೆ ಮತ್ತೆ ನಡೆಯಿತು. ಇದನ್ನು ಆಧಾರಸ್ತಂಭ ಜಾತಿ ಎಂದು ಕರೆಯುವುದು ಈ ಕಾರಣಕ್ಕೆ. ಇದು ತಾನು ಒಡೆದ ಸಕ್ಕರೆಯ ಒಂದು ಪಾಲನ್ನು ಬಳಸದೆ ಹೊರಗೇ ಬಿಡುತ್ತದೆ. ಅದು ನೆರೆಯ ಬ್ಯಾಕ್ಟೀರಿಯಾಗಳ ಊಟ. ಸೆಲ್ಯುಲೋಸನ್ನು ಒಡೆಯುವ ರುಮಿನೋಕಾಕಸ್ ಚಾಂಪನೆಲೆನ್ಸಿಸ್ ತನ್ನ ಕಿಣ್ವಗಳನ್ನೆಲ್ಲ ಒಂದೇ ಚೌಕಟ್ಟಿಗೆ ಜೋಡಿಸಿಕೊಂಡಿರುತ್ತದೆ. ಈ ಜೋಡಣೆಗೆ ಸೆಲ್ಯುಲೋಸೋಮ್ ಎಂದು ಹೆಸರು.

2. ತುಣುಕುಗಳನ್ನು ಬಳಸುವವು. ಬ್ಯಾಕ್ಟೀರಾಯ್ಡಿಸ್, ಪ್ರಿವೊಟೆಲ್ಲ, ಬೈಫಿಡೋಬ್ಯಾಕ್ಟೀರಿಯಂ ಕುಲಗಳು ಕರಗುವ ನಾರನ್ನೂ, ಇತರ ಜಾತಿಗಳು ಬಿಡಿಸಿದ ಚಿಕ್ಕ ಸರಗಳನ್ನೂ ಬಳಸುತ್ತವೆ. ಬ್ಯಾಕ್ಟೀರಾಯ್ಡಿಸ್‌ನಲ್ಲಿ ಒಂದೊಂದು ಬಗೆಯ ನಾರಿಗೂ ವಂಶವಾಹಿಗಳ ಒಂದೊಂದು ಗುಂಪು ಇದೆ. ನಾರಿನ ಸುಳಿವು ಸಿಕ್ಕಾಗ ಮಾತ್ರ ಆ ಗುಂಪು ಎಚ್ಚೆತ್ತು ಹಿಡಿಯುವ, ಕತ್ತರಿಸುವ, ಒಳಗೆ ಸಾಗಿಸುವ ಪ್ರೋಟೀನುಗಳನ್ನು ತಯಾರಿಸುತ್ತದೆ.

3. ಆಮ್ಲಗಳನ್ನು ಬದಲಿಸುವವು. ಬೈಫಿಡೋಬ್ಯಾಕ್ಟೀರಿಯಂ ಅಸಿಟೇಟ್ ಮತ್ತು ಲ್ಯಾಕ್ಟೇಟನ್ನು ಹೊರಬಿಡುತ್ತದೆ, ಬ್ಯುಟಿರೇಟ್ ತಯಾರಿಸುವ ಶಕ್ತಿ ಅದಕ್ಕಿಲ್ಲ. ಅನೀರೋಬ್ಯುಟಿರಿಕಂ ಹಾಲೀ ಆ ಲ್ಯಾಕ್ಟೇಟನ್ನು ಬ್ಯುಟಿರೇಟ್ ಆಗಿ ಬದಲಿಸುತ್ತದೆ. ಫೀಕಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿ ಮತ್ತು ರೋಸ್‌ಬೂರಿಯಾ ಅಸಿಟೇಟನ್ನು ಹೀರಿ ಬ್ಯುಟಿರೇಟ್ ಕೊಡುತ್ತವೆ. ಲ್ಯಾಕ್ಟೇಟ್ ಹೀಗೆ ಖರ್ಚಾಗದೆ ಕೂಡಿಕೊಂಡರೆ ಕರುಳಿನ ಆಮ್ಲೀಯತೆ ಮಿತಿಮೀರಿ ಸಮತೋಲ ಕೆಡುತ್ತದೆ.

4. ಹೈಡ್ರೋಜನ್ ತೆಗೆಯುವವು. ಹುದುಗುವಿಕೆಯಲ್ಲಿ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಅದು ಸಂಗ್ರಹವಾದಷ್ಟೂ ಮುಂದಿನ ಹುದುಗುವಿಕೆ ಕುಂಟುತ್ತದೆ. ಮೆಥನೋಬ್ರೆವಿಬ್ಯಾಕ್ಟರ್ ಸ್ಮಿಥಿ ಎಂಬ ಆರ್ಕಿಯಾ ಜೀವಿ ಅದನ್ನು ಮೀಥೇನ್ ಮಾಡುತ್ತದೆ. ಬ್ಲೌಟಿಯಾ ಹೈಡ್ರೋಜನೊಟ್ರೋಫಿಕ ಅಸಿಟೇಟ್ ಮಾಡುತ್ತದೆ. ಡಿಸಲ್ಫೋವಿಬ್ರಿಯೋ ಗಂಧಕದ ಸಂಯುಕ್ತಗಳೊಡನೆ ಸೇರಿಸಿ ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ. 2006ರಲ್ಲಿ ಜೆಫ್ರಿ ಗಾರ್ಡನ್ ಮತ್ತು ಸ್ಯಾಮ್ಯುಯೆಲ್, ಬೇರಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳ ಕರುಳಿಗೆ ಬ್ಯಾಕ್ಟೀರಾಯ್ಡಿಸ್ ಜೊತೆಗೆ ಈ ಮೀಥೇನ್ ಜೀವಿಯನ್ನೂ ಸೇರಿಸಿದರು. ಫ್ರಕ್ಟಾನ್ ನಾರಿನ ಹುದುಗುವಿಕೆ ಹೆಚ್ಚಿತು, ಅಸಿಟೇಟ್ ಹೆಚ್ಚಿತು. ನಾರನ್ನು ಮುಟ್ಟದ ಜೀವಿಯೊಂದು ನಾರಿನ ಜೀರ್ಣಕ್ಕೆ ನೆರವಾದದ್ದಕ್ಕೆ ಇದು ಸ್ಪಷ್ಟ ನಿದರ್ಶನ.

ಸಹಕಾರ ಮತ್ತು ಸ್ಪರ್ಧೆ

ಎಲ್ಲ ಬ್ಯಾಕ್ಟೀರಿಯಾಗಳೂ ಸದಾ ಉದಾರಿಗಳಲ್ಲ. ಯೀಸ್ಟಿನ ಮ್ಯಾನನ್ ಎಂಬ ಪದಾರ್ಥವನ್ನು ಬ್ಯಾಕ್ಟೀರಾಯ್ಡಿಸ್ ಥೀಟಾಅಯೋಟಾಮೈಕ್ರಾನ್ ದೊಡ್ಡ ತುಂಡುಗಳಲ್ಲೇ ಒಳಗೆಳೆದುಕೊಂಡು, ನೆರೆಯವರಿಗೆ ಏನೂ ಉಳಿಸದೆ ಅರಗಿಸಿಕೊಳ್ಳುತ್ತದೆ ಎಂದು 2015ರಲ್ಲಿ ತಿಳಿದುಬಂತು. ಇದಕ್ಕೆ ತದ್ವಿರುದ್ಧವಾದ ನಡೆ ಬ್ಯಾಕ್ಟೀರಾಯ್ಡಿಸ್ ಓವೇಟಸ್‌ನದು. ಲಾರಿ ಕಾಮ್‌ಸ್ಟಾಕ್, ಕೆವಿನ್ ಫಾಸ್ಟರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದಂತೆ, ಇನ್ಯುಲಿನ್ ಎಂಬ ಫ್ರಕ್ಟಾನ್ ನಾರನ್ನು ಕೋಶದ ಹೊರಗೇ ಒಡೆಯುವ ಕಿಣ್ವವನ್ನು ಅದು ತಯಾರಿಸುತ್ತದೆ. ತನ್ನ ಬೆಳವಣಿಗೆಗೆ ಆ ಕಿಣ್ವ ಬೇಕಾಗಿಲ್ಲ. ಒಡೆದ ತುಣುಕುಗಳು ಬ್ಯಾಕ್ಟೀರಾಯ್ಡಿಸ್ ವಲ್ಗೇಟಸ್ ಜಾತಿಗೆ ಸಿಗುತ್ತವೆ, ಪ್ರತಿಯಾಗಿ ಅದರಿಂದ ಓವೇಟಸ್‌ಗೆ ಲಾಭ ದೊರೆಯುತ್ತದೆ. ಸಹಕಾರ ಆಕಸ್ಮಿಕವಲ್ಲ, ವಿಕಾಸದ ಹಾದಿಯಲ್ಲಿ ಗಟ್ಟಿಯಾಗಿ ನೆಲೆಗೊಂಡ ಸ್ವಭಾವ ಎಂಬುದಕ್ಕೆ ಈ ಪ್ರಯೋಗ ಬಲ ತಂದಿತು.

ಹಂಚಿಕೆ ನಾರಿನ ಜಟಿಲತೆಯನ್ನು ಅವಲಂಬಿಸಿದೆ ಎಂಬ ಮಾತನ್ನು ಕ್ಸೈಲಾನ್ ಎಂಬ ಹೆಮಿಸೆಲ್ಯುಲೋಸ್ ಕುರಿತ ಅಧ್ಯಯನಗಳು ಬೆಂಬಲಿಸುತ್ತವೆ. ಬ್ಯಾಕ್ಟೀರಾಯ್ಡಿಸ್ ಓವೇಟಸ್ ಧಾನ್ಯದ ಕ್ಸೈಲಾನನ್ನು ಒಡೆಯುವಾಗ ಹೊರಬೀಳುವ ತುಣುಕುಗಳಿಂದ ಬೈಫಿಡೋಬ್ಯಾಕ್ಟೀರಿಯಂ ಅಡೊಲೆಸೆಂಟಿಸ್ ಬೆಳೆಯಬಲ್ಲದು. ಯಾವ ತುಣುಕು ಯಾರಿಗೆ ಎಂಬುದು ಆ ಕ್ಸೈಲಾನಿನ ರಚನೆಯನ್ನು ಅವಲಂಬಿಸಿದೆ.

ಗಾವಡಗೆರೆ ಸೀಮೆಯ ಊಟದಲ್ಲಿ ನಾರು

ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳು ಹೊಗೆಸೊಪ್ಪಿಗೆ ಹೆಸರಾಗಿವೆ. ಕೃಷ್ಣರಾಜನಗರ ಕಾವೇರಿಯ ನಾಲೆಗಳಿಂದ ಭತ್ತದ ನಾಡು. ಹೆಗ್ಗಡದೇವನಕೋಟೆಯಲ್ಲಿ ಹತ್ತಿಯೂ ಕಾಡೂ ಇವೆ. ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಹುರಳಿ, ಅವರೆ, ಅಲಸಂದೆ ಬೆಳೆಯುತ್ತಾ ಬಂದಿವೆ. ರಾಗಿಯ ನಡುವೆ ಅವರೆ, ಹುಚ್ಚೆಳ್ಳು, ಜೋಳಗಳನ್ನು ಅಕ್ಕಡಿ ಸಾಲಾಗಿ ಬಿತ್ತುವುದು ಹಳೆಯ ಪದ್ಧತಿ. ಒಂದೇ ಹೊಲದಿಂದ ಧಾನ್ಯ, ಕಾಳು, ಎಣ್ಣೆಬೀಜ ಮೂರೂ ಮನೆ ಸೇರುತ್ತಿದ್ದುದರಿಂದ ಹಲವು ಬಗೆಯ ನಾರು ತಾನಾಗಿ ತಟ್ಟೆಗೆ ಬರುತ್ತಿತ್ತು.

ರಾಗಿ. ರಾಗಿ ಕಾಳಿನ ಕೆಂಗಂದು ಬಣ್ಣದ ಹೊದಿಕೆ ಐದು ಪದರಗಳದು. ಅದು ಒಳಗಿನ ಮೆದು ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿದೆ. ಅಕ್ಕಿಯಂತೆ ಅದನ್ನು ಪಾಲಿಶ್ ಮಾಡುವುದು ಸುಲಭವಲ್ಲ, ಕಾಳೂ ಬಲು ಚಿಕ್ಕದು. ಹಾಗಾಗಿ ರಾಗಿಯನ್ನು ಹೊದಿಕೆ ಸಮೇತ ಬೀಸುತ್ತಾರೆ, ನಾರು ಹಿಟ್ಟಿನಲ್ಲೇ ಉಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರಾಗಿಯ ನಾರಿನಲ್ಲಿ ಬಹುಪಾಲು ನೀರಿನಲ್ಲಿ ಕರಗದ್ದು.

ಆ ನಾರಿನ ಮುಖ್ಯ ಘಟಕಗಳಲ್ಲಿ ಅರಾಬಿನೊಕ್ಸೈಲಾನ್ ಒಂದು. ಕ್ಸೈಲೋಸ್ ಸಕ್ಕರೆಯ ಉದ್ದನೆಯ ಸರಕ್ಕೆ ಪಕ್ಕದಲ್ಲಿ ಅರಾಬಿನೋಸ್ ಕವಲುಗಳು, ಕೆಲವು ಕವಲುಗಳ ತುದಿಯಲ್ಲಿ ಫೆರುಲಿಕ್ ಆಮ್ಲ. ಇದನ್ನು ಒಡೆಯಲು ಕನಿಷ್ಠ ನಾಲ್ಕು ಬಗೆಯ ಕಿಣ್ವಗಳು ಬೇಕು. ಫೆರುಲಿಕ್ ಆಮ್ಲವನ್ನು ಬಿಡಿಸುವುದು ಒಂದು, ಅರಾಬಿನೋಸ್ ಕವಲನ್ನು ಕಡಿಯುವುದು ಇನ್ನೊಂದು, ಉದ್ದನೆಯ ಸರವನ್ನು ನಡುವೆ ತುಂಡರಿಸುವುದು ಮತ್ತೊಂದು, ತುಂಡುಗಳಿಂದ ಒಂದೊಂದೇ ಕ್ಸೈಲೋಸನ್ನು ಬಿಡಿಸುವುದು ಕೊನೆಯದು. ಈ ಕಿಣ್ವಗಳೆಲ್ಲ ಎಲ್ಲ ಬ್ಯಾಕ್ಟೀರಿಯಾಗಳಲ್ಲಿ ಇರುವುದಿಲ್ಲ. ಒಂದು ಜಾತಿ ಕವಲು ಕಡಿದ ಮೇಲೆಯೇ ಇನ್ನೊಂದು ಜಾತಿಗೆ ಸರ ಸಿಗುತ್ತದೆ. ಮುದ್ದೆಯೊಂದು ಪೂರ್ತಿ ಜೀರ್ಣವಾಗಲು ಹಲವು ಜಾತಿಗಳು ಬೇಕಾಗುವುದು ಇದರಿಂದಲೇ.

1950ರಲ್ಲಿ ಮೈಸೂರಿನಲ್ಲಿ ಆರಂಭವಾದ, ಸಿ.ಎಫ್.ಟಿ.ಆರ್.ಐ. ಎಂದೇ ಹೆಸರಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ರಾಗಿಯ ಈ ಒಳರಚನೆಯನ್ನು ಆಳವಾಗಿ ಅಭ್ಯಾಸ ಮಾಡಿದೆ. ಜಿ. ಮುರಳೀಕೃಷ್ಣ ಮತ್ತು ಸಂಗಡಿಗರು 2001ರಲ್ಲಿ ಇಂಡಾಫ್-15 ತಳಿಯ ರಾಗಿಯನ್ನು ಮೊಳಕೆ ಬರಿಸುವುದಕ್ಕೆ ಮೊದಲು ಮತ್ತು ಆಮೇಲೆ ಪರಿಶೀಲಿಸಿ, ಮೊಳಕೆಯಿಂದ ನಾರಿನ ಸ್ವರೂಪ ಬದಲಾಗುವುದನ್ನು ದಾಖಲಿಸಿದರು. ಮೊಳೆಯುವ ಬೀಜ ತನ್ನದೇ ಕಿಣ್ವಗಳಿಂದ ಗೋಡೆಯನ್ನು ಸಡಿಲಿಸುತ್ತದೆ. ಬ್ಯಾಕ್ಟೀರಿಯಾ ಕರುಳಿನಲ್ಲಿ ಮಾಡಬೇಕಾದ ಕೆಲಸದ ಒಂದಂಶ ಅಲ್ಲಿಗೆ ಮುಂಚೆಯೇ ಆಗಿಬಿಡುತ್ತದೆ. ಇಂಡಾಫ್ ತಳಿಗಳು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಲಕ್ಷ್ಮಣಯ್ಯನವರು ಮಂಡ್ಯದಲ್ಲಿ ರೂಪಿಸಿದವು.

ಬೆಂದು ಆರಿದ ಪಿಷ್ಟ. ಕುದಿವ ನೀರಿಗೆ ರಾಗಿಹಿಟ್ಟು ಸುರಿದು, ಬೇಯಿಸಿ, ಕೋಲಿನಿಂದ ತಿರುವಿ ಮುದ್ದೆ ಕಟ್ಟುವಾಗ ಪಿಷ್ಟದ ಕಣಗಳು ನೀರು ಕುಡಿದು ಒಡೆಯುತ್ತವೆ. ಆಗ ಅದು ಸುಲಭವಾಗಿ ಅರಗುತ್ತದೆ. ಆರಿದಂತೆ ಪಿಷ್ಟದ ಸರಗಳಲ್ಲಿ ಕೆಲವು ಮತ್ತೆ ಒತ್ತೊತ್ತಾಗಿ ಜೋಡಿಕೊಂಡು ಹರಳುಗಟ್ಟುತ್ತವೆ. ಈ ಭಾಗ ನಿರೋಧಕ ಪಿಷ್ಟವಾಗಿ ದೊಡ್ಡ ಕರುಳಿಗೆ ಇಳಿಯುತ್ತದೆ. ಅಕ್ಕಿ ಮತ್ತು ರಾಗಿಯಲ್ಲಿ ನಿರೋಧಕ ಪಿಷ್ಟ ಸಂಸ್ಕರಣೆಗೆ ತಕ್ಕಂತೆ ಹೇಗೆ ಬದಲಾಗುತ್ತದೆ ಎಂಬುದನ್ನು ಸಿ.ಎಫ್.ಟಿ.ಆರ್.ಐ.ಯ ಮಂಗಳ, ಎನ್.ಜಿ. ಮಲ್ಲೇಶಿ, ಮಹದೇವಮ್ಮ, ಆರ್.ಎನ್. ತಾರಾನಾಥನ್ 1999ರಲ್ಲಿ ವರದಿ ಮಾಡಿದರು. ರಾಗಿ ತಳಿಗಳ ಪಿಷ್ಟದ ಬಗ್ಗೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲೂ ಅಧ್ಯಯನ ನಡೆದಿದೆ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವ ರೂಢಿಯಲ್ಲಿ ಈ ನಿರೋಧಕ ಪಿಷ್ಟವೂ ಇದೆ.

ಕಾಳುಗಳು. ಅವರೆ, ಹುರಳಿ, ಅಲಸಂದೆ, ಕಡಲೆಗಳಲ್ಲಿ ರ‍್ಯಾಫಿನೋಸ್, ಸ್ಟ್ಯಾಕಿಯೋಸ್, ವರ್ಬಾಸ್ಕೋಸ್ ಎಂಬ ಸಕ್ಕರೆಗಳಿವೆ. ಅವರೆಕಾಳಿನ ಶರ್ಕರಪಿಷ್ಟಗಳನ್ನು ಪಿ.ವಿ. ಸಾಲಿಮಠ ಮತ್ತು ತಾರಾನಾಥನ್ 1982ರಲ್ಲೇ ಮೈಸೂರಿನಲ್ಲಿ ವಿಶ್ಲೇಷಿಸಿದ್ದರು. ಈ ಸಕ್ಕರೆಗಳ ಕೊಂಡಿಯನ್ನು ಕಡಿಯುವ ಆಲ್ಫಾ-ಗ್ಯಾಲಕ್ಟೋಸಿಡೇಸ್ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಬೈಫಿಡೋಬ್ಯಾಕ್ಟೀರಿಯಂಗೆ ಇದು ಪ್ರಿಯವಾದ ಆಹಾರ. ಬೇಗ ಹುದುಗುವುದರಿಂದ ಗಾಳಿಯೂ ಬೇಗ ಹುಟ್ಟುತ್ತದೆ, ಹೊಟ್ಟೆ ಉಬ್ಬರಿಸುವುದು ಅದರಿಂದಲೇ. ಕಾಳನ್ನು ನೆನೆಸಿ ಆ ನೀರನ್ನು ಚೆಲ್ಲಿದರೆ, ಮೊಳಕೆ ಕಟ್ಟಿದರೆ ಈ ಸಕ್ಕರೆಗಳು ಕಡಿಮೆಯಾಗುತ್ತವೆ. ಹುರಳಿಯನ್ನು ಬೇಯಿಸಿ ಕಟ್ಟನ್ನು ಮಾತ್ರ ಬಸಿದು ಸಾರು ಮಾಡಿದಾಗ ಕರಗುವ ಅಂಶಗಳು ಸಾರಿಗೆ ಬರುತ್ತವೆ, ಗಟ್ಟಿ ನಾರು ಬೆಂದ ಕಾಳಿನಲ್ಲೇ ಉಳಿಯುತ್ತದೆ. ಕಾಳನ್ನು ಒಗ್ಗರಣೆ ಹಾಕಿ ಪಲ್ಯವಾಗಿ ತಿಂದರೆ ಎರಡೂ ದಕ್ಕುತ್ತವೆ. ಮಾಗಿಯ ಚಳಿಯಲ್ಲಿ ಅವರೆಯನ್ನು ಹಿತಕಿ ಬೇಳೆ ಮಾಡುವಾಗ ತೆಗೆಯುವ ಸಿಪ್ಪೆಯಲ್ಲಿ ಕಾಳಿನ ಗಟ್ಟಿ ನಾರಿನ ಬಹುಪಾಲು ಇದೆ.

ಸೊಪ್ಪು, ಗೆಡ್ಡೆ. ಬಸ್ಸಾರು, ಮಸ್ಸೊಪ್ಪು, ಉಪ್ಪುಸಾರಿಗೆ ಬೀಳುವ ಸೊಪ್ಪುಗಳಲ್ಲಿ ಪೆಕ್ಟಿನ್ ಮತ್ತು ಸೆಲ್ಯುಲೋಸ್ ಇವೆ. ಒಗ್ಗರಣೆಯ ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಫ್ರಕ್ಟಾನ್ ಇದೆ. ಬಾಳೆಕಾಯಿಯಲ್ಲಿ ಹಸಿಯಾಗಿರುವಾಗ ನಿರೋಧಕ ಪಿಷ್ಟ ಸಮೃದ್ಧ. ನಾಗರಹೊಳೆ ಕಾಡಿನ ಅಂಚಿನ ಜೇನುಕುರುಬರು, ಬೆಟ್ಟಕುರುಬರು ಗೆಣಸು, ಸೊಪ್ಪು, ಕಾಡುಹಣ್ಣುಗಳನ್ನು ಆಹಾರವಾಗಿ ಬಳಸುತ್ತಾ ಬಂದವರು. ಮುದ್ದೆ, ಕಾಳಿನ ಸಾರು, ಸೊಪ್ಪಿನ ಪಲ್ಯ ಇರುವ ಒಂದೇ ಊಟದಿಂದ ಕರುಳಿನ ನಾಲ್ಕೂ ಹಂತದ ಜೀವಿಗಳಿಗೆ ಬೇಕಾದುದು ದೊರೆಯುತ್ತದೆ.

ಜಾನುವಾರುಗಳಲ್ಲಿ

ಮನುಷ್ಯ ಬಿಟ್ಟ ನಾರು ಈ ಸೀಮೆಯಲ್ಲಿ ದನದ ಕೊಟ್ಟಿಗೆ ಸೇರುತ್ತದೆ. ರಾಗಿ ಹುಲ್ಲು, ಅವರೆ ಸಿಪ್ಪೆ, ಕಾಳಿನ ಹೊಟ್ಟು ಹಸು ಎತ್ತುಗಳ ಮೇವು. ಮನುಷ್ಯನಲ್ಲಿ ಹುದುಗುವಿಕೆ ಜೀರ್ಣಾಂಗದ ಕೊನೆಗೆ ನಡೆದರೆ, ದನಗಳಲ್ಲಿ ಅದು ಮೊದಲ ಹೊಟ್ಟೆಯಲ್ಲೇ ನಡೆಯುತ್ತದೆ. ಫೈಬ್ರೋಬ್ಯಾಕ್ಟರ್ ಸಕ್ಸಿನೋಜೀನಿಸ್, ರುಮಿನೋಕಾಕಸ್ ಆಲ್ಬಸ್, ರುಮಿನೋಕಾಕಸ್ ಫ್ಲೇವಿಫೇಶಿಯನ್ಸ್ ಹುಲ್ಲಿನ ಸೆಲ್ಯುಲೋಸನ್ನು ಒಡೆಯುತ್ತವೆ, ಮೀಥೇನ್ ಜೀವಿಗಳು ಹೈಡ್ರೋಜನ್ನನ್ನು ತೆಗೆಯುತ್ತವೆ. ಮೆಲುಕು ಹಾಕುವುದರಿಂದ ನಾರು ಸಣ್ಣದಾಗಿ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳುವ ಜಾಗ ಹೆಚ್ಚುತ್ತದೆ. ಒಮ್ಮೆಲೇ ಹೆಚ್ಚು ಅನ್ನವನ್ನೋ ಹಿಟ್ಟನ್ನೋ ತಿಂದ ದನದ ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ ಪ್ರಾಣಕ್ಕೇ ಕುತ್ತಾಗುವುದು ಈ ಸಹಕಾರ ಮುರಿದುಬಿದ್ದಾಗ.

ದೇಹಕ್ಕೆ ಆಗುವ ಪ್ರಯೋಜನ

ಹುದುಗುವಿಕೆಯ ಕೊನೆಯ ಫಲ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಮೂರು ಕಿರುಸರ ಕೊಬ್ಬಿನಾಮ್ಲಗಳು. ಸಾಮಾನ್ಯವಾಗಿ ಇವು 60:20:20ರ ಆಸುಪಾಸಿನಲ್ಲಿ ಇರುತ್ತವೆ. ಬಹುಪಾಲು ಕರುಳಿನ ಗೋಡೆಯ ಮೂಲಕವೇ ರಕ್ತ ಸೇರುತ್ತದೆ, ಮಲದಲ್ಲಿ ಹೋಗುವುದು ಅಲ್ಪ. ಹುದುಗಿದ ಪ್ರತಿ ಗ್ರಾಂ ನಾರಿನಿಂದ ದೇಹಕ್ಕೆ ಸುಮಾರು 2 ಕಿಲೋಕ್ಯಾಲರಿ ಶಕ್ತಿ ದೊರೆಯುತ್ತದೆ.

ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ. ಅವುಗಳ ಶಕ್ತಿಯಲ್ಲಿ ಸುಮಾರು ಶೇ 70 ಅದರಿಂದಲೇ ಬರುತ್ತದೆ. ಆ ಕೋಶಗಳು ಬ್ಯುಟಿರೇಟನ್ನು ಉರಿಸುವಾಗ ಆಮ್ಲಜನಕ ಖರ್ಚಾಗಿ, ಕರುಳಿನ ಒಳಗು ಆಮ್ಲಜನಕ ವಿರಳವಾಗಿಯೇ ಉಳಿಯುತ್ತದೆ. ಆಮ್ಲಜನಕ ಸೋಕಿದರೆ ಸಾಯುವ ಬ್ಯಾಕ್ಟೀರಿಯಾಗಳಿಗೆ ಇದು ರಕ್ಷಣೆ. ಹೀಗೆ ದೇಹವೂ ಈ ಸಹಕಾರದಲ್ಲಿ ಪಾಲುದಾರ. ಪ್ರೊಪಿಯೊನೇಟ್ ಯಕೃತ್ತಿನಲ್ಲಿ ಬಳಕೆಯಾಗುತ್ತದೆ, ಅಸಿಟೇಟ್ ಸ್ನಾಯು ಮತ್ತಿತರ ಅಂಗಗಳನ್ನು ತಲುಪುತ್ತದೆ.

ಲ್ಯಾನ್ಸೆಟ್ ಪತ್ರಿಕೆಯಲ್ಲಿ 2019ರಲ್ಲಿ ಪ್ರಕಟವಾದ ಬೃಹತ್ ಪರಿಶೀಲನೆಯಲ್ಲಿ, ನಾರನ್ನು ಅತಿ ಕಡಿಮೆ ತಿನ್ನುವವರಿಗಿಂತ ಹೆಚ್ಚು ತಿನ್ನುವವರಲ್ಲಿ ಹೃದ್ರೋಗ, ಎರಡನೇ ಬಗೆಯ ಮಧುಮೇಹ, ದೊಡ್ಡ ಕರುಳಿನ ಕ್ಯಾನ್ಸರ್ ಮೊದಲಾದವು ಶೇ 15ರಿಂದ 30ರಷ್ಟು ಕಡಿಮೆ ಇದ್ದುದು ಕಂಡುಬಂತು. ದಿನಕ್ಕೆ 25ರಿಂದ 29 ಗ್ರಾಂ ನಾರು ತಿನ್ನುವವರಲ್ಲಿ ಈ ಲಾಭ ಹೆಚ್ಚು ಸ್ಪಷ್ಟವಾಗಿತ್ತು. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಮಾಡಿತು.

ಶಿಶುವಿನಿಂದ ಆರಂಭ

ಸಹಕಾರ ಶುರುವಾಗುವುದು ತಾಯಿಹಾಲಿನಿಂದ. ಮಗು ಅರಗಿಸಲಾರದ ಕಿರುಸರದ ಸಕ್ಕರೆಗಳು ತಾಯಿಹಾಲಿನಲ್ಲಿ ಇವೆ. ಅವು ಬೈಫಿಡೋಬ್ಯಾಕ್ಟೀರಿಯಂ ಜಾತಿಗಳ ಆಹಾರ. ಆರು ತಿಂಗಳ ನಂತರ ಮೇಲಾಹಾರ ಸೇರಿದಾಗ ಸಸ್ಯದ ನಾರನ್ನು ಒಡೆಯುವ ಜಾತಿಗಳು ಒಂದೊಂದಾಗಿ ನೆಲೆಗೊಳ್ಳುತ್ತವೆ. ಹಳೆಯ ಮೈಸೂರು ಸೀಮೆಯಲ್ಲಿ ಮಕ್ಕಳಿಗೆ ಮೊದಲು ಉಣಿಸುವ ರಾಗಿ ಸರಿಗೆ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ. ಮೊಳಕೆಯಿಂದ ಪಿಷ್ಟ ಸಡಿಲವಾಗುತ್ತದೆ, ಜರಡಿಯಿಂದ ಒರಟು ನಾರು ಹೋಗುತ್ತದೆ. ಇನ್ನೂ ಬಲಿಯದ ಕರುಳಿಗೆ ತಕ್ಕ ಪ್ರಮಾಣದ ನಾರು ಉಳಿಯುತ್ತದೆ.

ಭಾರತೀಯರ ಕರುಳು

ಭೋಪಾಲದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ತಂಡ 2019ರಲ್ಲಿ ಭೋಪಾಲ ಮತ್ತು ಕೇರಳದ 110 ಜನರ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೋಲಿಸಿತು. ಸಸ್ಯಾಹಾರ ಹೆಚ್ಚಿರುವ ಭೋಪಾಲದವರಲ್ಲಿ ಪ್ರಿವೊಟೆಲ್ಲ ಕುಲ ಪ್ರಬಲವಾಗಿತ್ತು. ಧಾನ್ಯ, ಕಾಳುಗಳ ನಾರನ್ನು ಬಳಸಿಕೊಳ್ಳುವ ಈ ಕುಲ ಆಫ್ರಿಕದ ಹಳ್ಳಿಗರ ಕರುಳಿನಲ್ಲೂ ಹೇರಳ ಎಂದು 2010ರಲ್ಲಿ ಬುರ್ಕಿನಾ ಫಾಸೊ ಮಕ್ಕಳ ಅಧ್ಯಯನ ತೋರಿಸಿತ್ತು.

ನಾರು ಕಡಿಮೆಯಾದಾಗ

ನಾರು ಸಿಗದೆ ಹೋದರೆ ಕೆಲವು ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆಯನ್ನೇ ತಿನ್ನತೊಡಗುತ್ತವೆ. 2016ರಲ್ಲಿ ಮಹೇಶ್ ದೇಸಾಯಿ, ಎರಿಕ್ ಮಾರ್ಟೆನ್ಸ್ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನು ತೋರಿಸಿದರು. ನಾರಿಲ್ಲದ ಆಹಾರ ತಿಂದ ಇಲಿಗಳ ಲೋಳೆ ತೆಳುವಾಗಿ, ಸೋಂಕು ಸುಲಭವಾಗಿ ತಗಲಿತು. ಅದೇ ವರ್ಷ ಎರಿಕಾ ಮತ್ತು ಜಸ್ಟಿನ್ ಸೊನೆನ್‌ಬರ್ಗ್ ತಂಡ, ತಲೆಮಾರಿನಿಂದ ತಲೆಮಾರಿಗೆ ನಾರು ಕೊರತೆಯಾದರೆ ಇಲಿಗಳಲ್ಲಿ ಬ್ಯಾಕ್ಟೀರಿಯಾ ಜಾತಿಗಳು ಅಳಿಯುತ್ತಾ ಹೋಗುತ್ತವೆ, ನಾರನ್ನು ಮತ್ತೆ ಕೊಟ್ಟರೂ ಅಳಿದವು ಮರಳುವುದಿಲ್ಲ ಎಂದು ಕಂಡುಕೊಂಡಿತು.

2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಲೇಖನವೊಂದು ಮನುಷ್ಯರ ಕರುಳಿನಲ್ಲಿ ಸೆಲ್ಯುಲೋಸ್ ಒಡೆಯುವ ಹೊಸ ರುಮಿನೋಕಾಕಸ್ ಜಾತಿಗಳನ್ನು ಗುರುತಿಸಿತು. ಪ್ರಾಚೀನ ಕಾಲದವರ ಮಾದರಿಗಳಲ್ಲಿ, ಬೇಟೆ-ಸಂಗ್ರಹದ ಸಮುದಾಯಗಳಲ್ಲಿ, ಹಳ್ಳಿಗರಲ್ಲಿ ಅವು ಕಾಣುತ್ತವೆ, ಕೈಗಾರಿಕಾ ಸಮಾಜಗಳಲ್ಲಿ ವಿರಳ.

ಹಳೆಯ ಮೈಸೂರು ಸೀಮೆಯಲ್ಲಿ ಕಳೆದ ಕೆಲವು ದಶಕಗಳಲ್ಲಿ ಮುದ್ದೆಯ ಜಾಗವನ್ನು ಬಿಳಿ ಅನ್ನ ಬಹುಮಟ್ಟಿಗೆ ಹಿಡಿದಿದೆ. ಹೊಲದಲ್ಲಿ ವಾಣಿಜ್ಯ ಬೆಳೆ ಹೆಚ್ಚಿದಂತೆ ಅಕ್ಕಡಿ ಸಾಲು ಕಡಿಮೆಯಾಗಿದೆ. ಹೊಲದ ವೈವಿಧ್ಯ ಕುಗ್ಗಿದರೆ ತಟ್ಟೆಯದೂ ಕುಗ್ಗುತ್ತದೆ, ತಟ್ಟೆಯದು ಕುಗ್ಗಿದರೆ ಕರುಳಿನದೂ ಕುಗ್ಗುತ್ತದೆ.

ವೈದ್ಯಕೀಯ ಬಳಕೆ

ಬ್ಯಾಕ್ಟೀರಿಯಾಗಳ ಈ ಶಕ್ತಿಯನ್ನು ಚಿಕಿತ್ಸೆಗೆ ಬಳಸಿದ ಮಹತ್ವದ ಪ್ರಯೋಗ ದಕ್ಷಿಣ ಭಾರತದಲ್ಲಿ ನಡೆಯಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬಿ.ಎಸ್. ರಾಮಕೃಷ್ಣ ಮತ್ತು ಸಂಗಡಿಗರು ಕಾಲರಾ ರೋಗಿಗಳಿಗೆ ಕೊಡುವ ಓಆರ್‌ಎಸ್ ದ್ರಾವಣಕ್ಕೆ ನಿರೋಧಕ ಪಿಷ್ಟ ಬೆರೆಸಿದರು. ಭೇದಿಯ ಪ್ರಮಾಣವೂ ಅವಧಿಯೂ ಕಡಿಮೆಯಾದವು. ಪಿಷ್ಟ ಹುದುಗಿ ಹುಟ್ಟಿದ ಆಮ್ಲಗಳು ಹೀರಲ್ಪಡುವಾಗ ಜೊತೆಗೆ ಉಪ್ಪು, ನೀರನ್ನೂ ಎಳೆದುಕೊಳ್ಳುವುದು ಇದಕ್ಕೆ ಕಾರಣ. ಈ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಬಾಂಗ್ಲಾದೇಶದಲ್ಲಿ ಅಪೌಷ್ಟಿಕ ಮಕ್ಕಳಿಗಾಗಿ ಜೆಫ್ರಿ ಗಾರ್ಡನ್ ಮತ್ತು ತಹಮೀದ್ ಅಹ್ಮದ್ ತಂಡ ಕಡಲೆ, ಸೋಯಾ, ಕಡಲೆಕಾಯಿ, ಬಾಳೆಕಾಯಿಗಳಿಂದ ತಯಾರಿಸಿದ ಆಹಾರ ಮಕ್ಕಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಬಲಪಡಿಸಿ ತೂಕ ಏರಲು ನೆರವಾಯಿತು ಎಂದು 2021ರ ವರದಿ ಹೇಳುತ್ತದೆ.

ಬಳಕೆಯಲ್ಲಿ ಗಮನಿಸಬೇಕಾದವು

ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಕೆಲವು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ, ನೀರನ್ನು ಚೆನ್ನಾಗಿ ಕುಡಿಯಬೇಕು. ರಾಗಿಯ ಫೈಟೇಟ್ ಮತ್ತು ಪಾಲಿಫೀನಾಲ್‌ಗಳು ಕಬ್ಬಿಣಾಂಶ ಹೀರಲ್ಪಡುವುದನ್ನು ತಗ್ಗಿಸುತ್ತವೆ. ಮೊಳಕೆ ಕಟ್ಟುವುದು, ಹುಳಿ ಅಥವಾ ನಿಂಬೆರಸ ಬಳಸುವುದು ಇದಕ್ಕೆ ಪರಿಹಾರ. ರಾಗಿಯಲ್ಲೂ ಪಿಷ್ಟ ಹೇರಳವಾಗಿರುವುದರಿಂದ ಮಧುಮೇಹಿಗಳು ಮುದ್ದೆಯ ಗಾತ್ರವನ್ನು ಗಮನಿಸಬೇಕು. ಕರುಳಿನ ಉರಿಯೂತದ ಕಾಯಿಲೆ, ಕೆರಳುವ ಕರುಳಿನ ತೊಂದರೆ ಇರುವವರು ವೈದ್ಯರ ಸಲಹೆ ಪಡೆಯಬೇಕು. ಪ್ರತಿಜೀವಕ ಔಷಧಗಳು ಈ ಸರಪಳಿಯ ಕೊಂಡಿಗಳನ್ನು ಕಳಚುವುದರಿಂದ ಅವುಗಳನ್ನು ವೈದ್ಯರು ಹೇಳದೆ ತೆಗೆದುಕೊಳ್ಳಬಾರದು.

ಅಂಗಡಿಯಲ್ಲಿ ಸಿಗುವ ಒಂದೇ ಬಗೆಯ ನಾರಿನ ಪುಡಿ ಒಂದೆರಡು ಜಾತಿಗಳಿಗೆ ಮಾತ್ರ ಆಹಾರವಾದೀತು. ಹಲವು ಜಾತಿಗಳ ಸಹಕಾರ ಉಳಿಯಬೇಕಾದರೆ ಹಲವು ಬಗೆಯ ನಾರು ಬೇಕು. 100 ಗ್ರಾಂ ರಾಗಿಹಿಟ್ಟಿನ ಮುದ್ದೆ ದಿನದ ಅಗತ್ಯದ ಹತ್ತಿರ ಹತ್ತಿರ ಅರ್ಧವನ್ನು ಪೂರೈಸುತ್ತದೆ. ಉಳಿದ ಅರ್ಧ ಕಾಳಿನ ಸಾರು, ಸೊಪ್ಪಿನ ಪಲ್ಯ, ತರಕಾರಿ, ಹಣ್ಣಿನಿಂದ ಬರಲಿ. ಗಾವಡಗೆರೆಯ ಹೊಲಗಳಲ್ಲಿ ಇವೆಲ್ಲ ಬೆಳೆಯುತ್ತವೆ. ಅವು ಮಾರುಕಟ್ಟೆಗೆ ಹೋಗುವ ಮುನ್ನ ಬೆಳೆದವರ ತಟ್ಟೆಗೂ, ಅವರ ಮಕ್ಕಳ ತಟ್ಟೆಗೂ ಬರಬೇಕು.